ಏಣಿ ಬುಡದ ಹುಲ್ಲುಗಂಟು

ನಮ್ಮ ಊರು ನೀಡರ್‌ಲೈ. ಅದರ ನೆತ್ತಿಯ ಮೇಲೆ ಒಂದು ಕೋಟೆ ಇದೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನೀಡರ್‌ಲೈನಲ್ಲಿ ಹುಟ್ಟಿದವರು ಮಾತ್ರ ಹೋಗುವುದಿಲ್ಲ. ಗೋಪುರಕ್ಕೆ ಮೋಡ ತಗುಲಿದೆಯೇ ಎಂದು ಕೆಳಗಿನಿಂದಲೇ ನೋಡಿ, ಇವತ್ತು ಬಟ್ಟೆ ಒಣಹಾಕಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇವೆ. ಕೋಟೆಯಿಂದ ನಮಗಾಗುವ ಉಪಕಾರ ಅಷ್ಟೇ.

ಈ ಮಾತಿಗೆ ಒಬ್ಬನೇ ಅಪವಾದ, ನನ್ನ ಷಡ್ಡಕ ಆಲ್ವಿನ್ ಹಾಮ್ಮೆಸ್. ನಾನು ಅಕ್ಕನನ್ನು ಮದುವೆಯಾದೆ, ಅವನು ತಂಗಿ ಹೆಡ್ವಿಗ್‌ಳನ್ನು. ಲೆಕ್ಕದ ಪ್ರಕಾರ ಹಿರಿಯ ಅಳಿಯನ ಮರ್ಯಾದೆ ನನ್ನದು. ಆದರೆ ನಾನು ಮೊಸೆಲ್ ನದಿಯಲ್ಲಿ ಈ ದಡಕ್ಕೂ ಆ ದಡಕ್ಕೂ ದೋಣಿ ಓಡಿಸುವ ಮಾಟೆಸ್. ಅವನು ಅಂಚೆ ಕಚೇರಿಯ ಕಿಟಕಿಯ ಹಿಂದೆ ಇಸ್ತ್ರಿ ಅಂಗಿ ತೊಟ್ಟು ಪಾರ್ಸಲ್ ಕಟ್ಟುತ್ತಿದ್ದವನು. ಮರ್ಯಾದೆ ಯಾವ ಕಡೆ ವಾಲಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಿವೃತ್ತನಾದದ್ದೇ ತಡ, ಆಲ್ವಿನ್‌ಗೆ ಬೆಟ್ಟ ಹತ್ತುವ ಹುಚ್ಚು ಹಿಡಿಯಿತು. ಪ್ರತಿ ಭಾನುವಾರ ಗರಿ ಸಿಕ್ಕಿಸಿದ ಟೋಪಿ, ಮೊಳೆ ಹೊಡೆದ ಬೂಟು, ಕೈಯಲ್ಲಿ ಕೋಲು, ಬೆನ್ನಿಗೆ ಕೆಂಪು ಚೀಲ. ಕೋಟೆಗೆ ಹೋಗಲು ಗುಡ್ಡದ ಹಿಂದೆ ಕಾರು ಹೋಗುವ ಒಳ್ಳೆಯ ರಸ್ತೆಯೇ ಇದೆ. ಅದು ಮುದುಕರಿಗೆ ಎನ್ನುತ್ತಿದ್ದ. ಇವನದು ಏಣಿ ದಾರಿ. ಅದು ನದಿಯಂಚಿನಿಂದ ಶುರುವಾಗಿ, ಕಡಿದಾದ ದ್ರಾಕ್ಷಿ ತೋಟಗಳ ನಡುವೆ ನುಸುಳಿ, ಸಂತ ನಿಕೋಲಾಸನ ಗುಡಿಯ ತನಕ ಸಾಧುವಾಗಿ ಹೋಗುತ್ತದೆ. ಗುಡಿಯ ಹಿಂದೆ ಬಂಡೆಗೆ ಜಡಿದ ಕಬ್ಬಿಣದ ಏಣಿ. ಏಣಿಯ ತುದಿಗೆ ಹದ್ದಿನಕಟ್ಟೆ ಎಂಬ ಕಲ್ಲಿನ ಚಾಚು. ಅಲ್ಲಿಂದ ಮುಂದೆ ತಂತಿ ಹಗ್ಗ ಹಿಡಿದು ನಡೆಯುವ ಒಂದಡಿ ಅಗಲದ ದಾರಿ, ಕೋಟೆಯ ಬಾಗಿಲ ತನಕ.

ಸಂಜೆ ಅವನು ಮಂಡಿ ತರಚಿಕೊಂಡು ಇಳಿದು ಬರುವನು. "ಅಬ್ಬಾ, ಮೇಲೆ ಏನ್ ಗಾಳಿ ಅಂತೀಯ ಮಾಟೆಸ್! ಕೆಳಗೆ ನೋಡಿದ್ರೆ ನಿನ್ನ ದೋಣಿ ಸಾಬೂನು ಪೆಟ್ಟಿಗೆ ಥರ ಕಾಣಿಸ್ತಿತ್ತು" ಎನ್ನುವನು. ನಾನು ತಲೆಯಾಡಿಸುವೆನು. ನದಿಯ ನಡುವೆ ನಿಂತವನಿಗೆ ಗುಡ್ಡ ಪೂರ್ತಿ ಕಾಣಿಸುತ್ತದೆ ಎಂಬುದು ಅವನಿಗೆ ಯಾಕೆ ಹೊಳೆಯಲಿಲ್ಲವೋ ಕಾಣೆ. ಆ ಕೆಂಪು ಚೀಲ ಗುಡಿಯ ಜಗುಲಿಯ ತನಕ ಹೋಗಿ, ಸಾಸೇಜು ತಿಂದು, ಇಡೀ ಮಧ್ಯಾಹ್ನ ಅಲ್ಲೇ ಮಲಗಿರುತ್ತಿತ್ತು. ಮನೆಯಲ್ಲಿ ಸುಟ್ಟುಹೋದ ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ತಲೆ ತಿರುಗಿ ಹೆಂಡತಿಯನ್ನು ಕೂಗುವ ಗಂಡಸು ಅವನು. ಇನ್ನು ಏಣಿಯ ಮಾತೆಲ್ಲಿ? ಈ ಸತ್ಯವನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದಕ್ಕೆ ಕಾರಣ ಔದಾರ್ಯ ಅಲ್ಲ, ನನ್ನ ಹೆಂಡತಿ. "ನಿಮ್ಮ ದೋಣಿ ಆಚೆ ದಡಕ್ಕೆ ಹೋಗ್ಲಿ, ನಿಮ್ಮ ಬಾಯಿ ಹೋಗ್ಬಾರ್ದು" ಎಂದು ಎಚ್ಚರಿಸಿದ್ದಳು.

ಆ ವರ್ಷ ಅವನಿಗೆ ಒಂದು ಅಧಿಕಾರವೂ ಸಿಕ್ಕಿತು. ಇಲ್ಲಿ ದ್ರಾಕ್ಷಿಗೆ ಬಣ್ಣ ಬಂದು ಸಿಹಿ ಕೂಡತೊಡಗಿದಾಗ ಗುಡ್ಡ ಮುಚ್ಚುತ್ತೇವೆ. ಕೋಲಿನ ತುದಿಗೆ ಹುಲ್ಲಿನ ಕಂತೆ ಕಟ್ಟಿ ದಾರಿಯ ಬಾಯಲ್ಲಿ ನೆಟ್ಟರೆ ಮುಗಿಯಿತು. ಆಮೇಲೆ ಯಾರೂ ಒಳಗೆ ಕಾಲಿಡುವ ಹಾಗಿಲ್ಲ, ತೋಟದ ಯಜಮಾನನೂ ಇಲ್ಲ. ಒಬ್ಬರ ಹಣ್ಣಿಗೆ ಇನ್ನೊಬ್ಬರು ಕೈ ಹಾಕದಿರಲಿ ಎಂದು ಮುತ್ತಜ್ಜಂದಿರು ಮಾಡಿದ ಕಟ್ಟಳೆ. ಓಡಾಡುವ ಹಕ್ಕು ತೋಟದ ಕಾವಲುಗಾರನಿಗೆ ಮಾತ್ರ. ಅಕಸ್ಮಾತ್ ಯಾರಾದರೂ ಒಳಗೆ ಸಿಕ್ಕಿಕೊಂಡರೆ ಕಾವಲುಗಾರನೇ ಹೋಗಿ ಕರೆದುಕೊಂಡು ಬರಬೇಕು. ಕೋಟೆ ಬಾಗಿಲ ಬಳಿ ಹಲಗೆಯ ಮೇಲೆ ಹಾಗೆಂದು ಬರೆದೂ ಇದೆ. ಈಗ ಕಳ್ಳರೂ ಇಲ್ಲ, ಕದಿಯುವಷ್ಟು ಪುರುಸೊತ್ತೂ ಯಾರಿಗಿಲ್ಲ. ಆದರೂ ಹುಲ್ಲು ಕಂಡರೆ ನಮ್ಮ ಕಾಲು ತಾನಾಗಿ ನಿಲ್ಲುತ್ತದೆ. ಕಾವಲಿನ ಕೆಲಸಕ್ಕೆ ಆ ವರ್ಷ ಯಾರೂ ಮುಂದೆ ಬರಲಿಲ್ಲ. ಅದಕ್ಕೊಂದು ಹಿತ್ತಾಳೆ ಬಿಲ್ಲೆಯ ಟೋಪಿ ಕೊಡುತ್ತಾರೆಂದು ತಿಳಿದು ಆಲ್ವಿನ್ ಕೈ ಎತ್ತಿಬಿಟ್ಟ.

ಇಷ್ಟರಲ್ಲಿ ಅವನ ಮಗಳು ಯೂಲೆಗೆ ಗಂಡು ಗೊತ್ತಾಯಿತು. ಹುಡುಗ ಕಾಸ್ಪರ್, ಕೊಲೋನ್ ನಗರದವನು, ಒಳ್ಳೆಯವನೇ. ಆದರೆ ತಾಯಿ ಕೆಮ್ಮಿದರೆ ತಾನು ಮಫ್ಲರ್ ಸುತ್ತಿಕೊಳ್ಳುವ ಜಾತಿ. ತಾಯಿ ರೋಸ್‌ವಿಟಾ ಲಿಂಡ್ಲಾರ್ ನಿವೃತ್ತ ನ್ಯಾಯಾಧೀಶೆ. ಸೆಪ್ಟೆಂಬರಿನ ಒಂದು ಶುಕ್ರವಾರ ತಾಯಿ ಮಗ ಹೆಣ್ಣಿನ ಮನೆ ನೋಡಲು ಬಂದು, ನದಿ ದಂಡೆಯ ಹೋಟೆಲಿನಲ್ಲಿ ಇಳಿದುಕೊಂಡರು. ಜಡ್ಜಮ್ಮ ಎಂಬ ಹೆಸರು ಅವರಿಗಿಂತ ಮೊದಲೇ ಊರೆಲ್ಲ ಸುತ್ತಿತ್ತು.

ಊಟಕ್ಕೆ ಕೂರುವ ಮುಂಚೆ ಅಡುಗೆಮನೆಯಲ್ಲಿ ಯೂಲೆ ಅಪ್ಪನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

"ಅಪ್ಪ, ಒಂದ್ ಮಾತು. ಅತ್ತೆಗೆ ಸುಳ್ಳು ಅಂದ್ರೆ ಆಗಲ್ಲ. ಕಾಸ್ಪರ್‌ಗೆ ಮುಂಚೆ ಒಂದು ಸಂಬಂಧ ಆಗಿತ್ತು. ಆ ಹುಡುಗಿ ಅಪ್ಪ ಹಡಗಿನ ಕ್ಯಾಪ್ಟನ್ ಅಂತ ಹೇಳ್ಕೊಂಡಿದ್ನಂತೆ, ನೋಡಿದ್ರೆ ಹಡಗಿನಲ್ಲಿ ಅಡುಗೆಯವನು. ಅಡುಗೆ ಮಾಡೋದು ತಪ್ಪಲ್ಲ, ಸುಳ್ಳು ಹೇಳೋದು ತಪ್ಪು ಅಂತ ಊಟದ ತಟ್ಟೆ ಬಿಟ್ಟು ಎದ್ದು ಬಂದ್ಬಿಟ್ರಂತೆ. ಅಲ್ಲಿಗೆ ಸಂಬಂಧ ಮುಗೀತು."

"ನಾನ್ಯಾಕೆ ಸುಳ್ಳು ಹೇಳ್ಲಿ?" ಎಂದ ಆಲ್ವಿನ್.

"ಅದೇ ಅಪ್ಪ, ನೀನು ಹೇಳಲ್ಲ ಅಂತ ಗೊತ್ತು. ನೀನು ಪ್ರತಿ ಭಾನುವಾರ ಏಣಿ ಹತ್ತಿ ಕೋಟೆಗೆ ಹೋಗ್ತೀಯ ಅಂದಿದ್ದಕ್ಕೇ ಅವರು ಈ ಸಂಬಂಧಕ್ಕೆ ಒಪ್ಪಿದ್ದು. ಧೈರ್ಯಸ್ಥರ ಮನೆ ಅಂದ್ರು."

ನಾನು ಕಣ್ಣೊರೆಸಿಕೊಂಡೆ. ಈರುಳ್ಳಿ ಚೆನ್ನಾಗಿತ್ತು.

ಊಟಕ್ಕೆ ಹೆಡ್ವಿಗ್ ಬೇಯಿಸಿದ ಈರುಳ್ಳಿ ರೊಟ್ಟಿ, ಜೊತೆಗೆ ನಮ್ಮದೇ ಗುಡ್ಡದ ರೀಸ್ಲಿಂಗ್ ವೈನ್. ಜಡ್ಜಮ್ಮ ನೆಟ್ಟಗೆ ಕೂತು, ಒಂದೊಂದು ತುತ್ತನ್ನೂ ಸಾಕ್ಷಿ ವಿಚಾರಿಸಿದ ಹಾಗೆ ಅಗಿದರು. ಅವರು ತಂದ ಉಡುಗೊರೆ ಪೊಟ್ಟಣಕ್ಕೆ ಎರಡು ಸಮ ಕುಣಿಕೆಯ ಚಿಟ್ಟೆಗಂಟು ಹಾಕಿತ್ತು. ಅದನ್ನು ನೋಡಿ ಆಲ್ವಿನ್ ತನ್ನ ಶಾಸ್ತ್ರಕ್ಕೆ ಇಳಿದ.

"ಈ ಗಂಟು ಚೆಂದ ಮೇಡಂ, ಆದರೆ ಅಂಚೇಲಿ ನಡೆಯಲ್ಲ. ನಮ್ಮದು ಇಕ್ಕಳಗಂಟು. ಎಳೆದಷ್ಟೂ ಬಿಗಿ. ಕತ್ತರಿ ಇಲ್ಲದೆ ಬಿಚ್ಚೋಕಾಗಲ್ಲ."

"ನಮ್ಮ ಕೋರ್ಟಲ್ಲಿ ಬೇರೆ ಲೆಕ್ಕ" ಎಂದರು ಜಡ್ಜಮ್ಮ. "ಕಡತ ನೋಡೋಕೆ ಚೆಂದ ಇರಬೇಕು, ಒಂದೇ ಎಳೆತಕ್ಕೆ ಬಿಚ್ಚಬೇಕು. ಇಷ್ಟು ವರ್ಷದಲ್ಲಿ ಕೈಗೆ ಅದೇ ಅಭ್ಯಾಸ." ಆಮೇಲೆ ತುಟಿ ಒರೆಸಿಕೊಂಡು, "ಅಂದ ಹಾಗೆ ಹಾಮ್ಮೆಸ್ ಅವರೇ, ನಾಳೆ ತಿಂಡಿ ಮುಗಿಸಿ ನನ್ನನ್ನ ಏಣಿ ದಾರೀಲಿ ಕೋಟೆಗೆ ಕರ್ಕೊಂಡು ಹೋಗ್ತೀರಿ. ನಾನೂ ಹುಡುಗಿಯಾಗಿದ್ದಾಗ ಆಲ್ಪ್ಸ್ ಹತ್ತಿದವಳೇ" ಎಂದರು.

ಆಲ್ವಿನ್ ಮುಖ ವೈನಿನ ಬಣ್ಣಕ್ಕೆ ತಿರುಗಿತು. ನಮ್ಮದು ಬಿಳಿ ವೈನ್.

ಅವರು ಹೋದ ಮೇಲೆ ನನ್ನನ್ನು ಹೊರಗೆಳೆದುಕೊಂಡು ಬಂದ. "ಮಾಟೆಸ್, ಏನಾದ್ರೂ ಮಾಡು. ನಾಳೆ ನಿನ್ನ ದೋಣಿ ಮುಳುಗಿಸು."

"ದೋಣಿ ಯಾಕೋ ಮುಳುಗಿಸ್ಲಿ? ಹೋಗಿ ನಿಜ ಹೇಳು. ಎತ್ತರ ಕಂಡ್ರೆ ಭಯ ಅನ್ನು."

"ನಂದೇನೂ ಇಲ್ಲ ಕಣೋ. ನಗ್ತಾರೆ, ನಗ್ಲಿ. ಯೂಲೆ ಮುಖ ನೋಡಿದೆಯಾ? ಆ ಕಾಸ್ಪರ್ ಅವರಮ್ಮ ಎದ್ರೆ ತಾನೂ ಎದ್ದು ಹೋಗೋನು." ನನಗೆ ಅವನ ಮೇಲೆ ಅಂದು ಮೊದಲ ಬಾರಿಗೆ ನಿಜವಾಗಿ ಮರುಕ ಬಂತು. ಆದರೆ ಉಪಾಯ ಬರಲಿಲ್ಲ.

ಉಪಾಯ ಅವನಿಗೇ ಬಂದಿತ್ತು. ಬೆಳಿಗ್ಗೆ ಮಂಜು ಹಾಲಿನ ಕೆನೆಯಂತೆ ನದಿಯ ಮೇಲೆ ಕೂತಿತ್ತು. ದೋಣಿ ಕಟ್ಟೆಗೆ ಬಂದು ನೋಡುತ್ತೇನೆ, ಏಣಿ ದಾರಿಯ ಬಾಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಹುಲ್ಲಿನ ಕಂತೆ. ಗುಡ್ಡ ಮುಚ್ಚಿದೆ! ಮುಚ್ಚಲು ಇನ್ನೂ ವಾರಗಳು ಬಾಕಿ ಇದ್ದವು. ದ್ರಾಕ್ಷಿ ಇನ್ನೂ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಹತ್ತಿರ ಹೋಗಿ ಗಂಟು ನೋಡಿದೆ. ಇಕ್ಕಳಗಂಟು. ಎಳೆದಷ್ಟೂ ಬಿಗಿ.

ಇಂಥದೇ ಇನ್ನೊಂದನ್ನು ಗುಡಿಯ ಹಿಂದೆ ಏಣಿಯ ಬುಡದಲ್ಲಿ ನೆಟ್ಟು, ಆಮೇಲೆ ಕಾರು ಹತ್ತಿ ಹಿಂಬದಿಯ ರಸ್ತೆಯಲ್ಲಿ ಕೋಟೆಗೂ ಹೋಗಿ, ಅಲ್ಲಿನ ದಾರಿಯ ಬಾಯಿಗೂ ಒಂದು ಕಟ್ಟಿ ಬಂದಿದ್ದ ಮಹಾನುಭಾವ. ಅಂಚೆಯವನಲ್ಲವೇ, ಕೆಲಸ ಅಚ್ಚುಕಟ್ಟು.

ಮೊದಲು ಬಂದವಳು ಗುಂಡುಲಾ. ದ್ರಾಕ್ಷಿ ಬೆಳೆಗಾರರ ಸಂಘದ ಅಧ್ಯಕ್ಷೆ. ಅವಳು ನಡೆದರೆ ದೋಣಿ ಕಟ್ಟೆ ಅಲ್ಲಾಡುತ್ತದೆ. ಗುಡ್ಡ ಮುಚ್ಚುವ ದಿನವನ್ನು ಅವಳೂ ಮೇಯರೂ ಕೂಡಿ ಗೊತ್ತು ಮಾಡಬೇಕು. ಹುಲ್ಲು ನೋಡಿ ಅವಳ ಬಾಯಿ ತೆರೆಯಿತು. "ನನ್ನನ್ನ ಕೇಳದೆ ಮೇಯರ್ ಮುಚ್ಚಿಸಿದ್ನಾ?" ಎಂಬ ಮಾತು ಗಂಟಲಿಗೆ ಬಂದದ್ದು ನನಗೆ ಕಾಣಿಸಿತು. ಅಷ್ಟರಲ್ಲಿ ಅತ್ತ ಕಡೆಯಿಂದ ಮೇಯರ್ ನೋರ್ಬರ್ಟ್ ಬಂದ. ಅವನೂ ಹುಲ್ಲು ನೋಡಿದ. ಗುಂಡುಲಾಳನ್ನು ನೋಡಿದ. ಇಬ್ಬರೂ ಒಬ್ಬರಿಗೊಬ್ಬರು ಮಂದಹಾಸ ಬೀರಿದರು.

"ಮುಚ್ಚಿದ್ದು ಒಳ್ಳೇದಾಯ್ತು" ಎಂದ ಮೇಯರ್, ಎಚ್ಚರಿಕೆಯಿಂದ.

"ಮುಚ್ಚಲೇಬೇಕಿತ್ತು" ಎಂದಳು ಗುಂಡುಲಾ, ಇನ್ನೂ ಎಚ್ಚರಿಕೆಯಿಂದ.

"ಹಂದಿ ಕಾಟ ಜಾಸ್ತಿ ಆಗಿದೆ."

"ಹಕ್ಕಿ ಕಾಟಾನೂ."

"ನಾನು ಮೊದಲಿಂದ ಅದನ್ನೇ ಹೇಳ್ತಿದ್ದೆ."

"ನೀವಲ್ಲ, ನಾನು ಹೇಳ್ತಿದ್ದೆ."

ಹೀಗೆ, ತನಗೆ ಗೊತ್ತೇ ಇರಲಿಲ್ಲ ಎಂದು ಒಪ್ಪಿಕೊಳ್ಳುವ ಮನಸ್ಸು ಇಬ್ಬರಿಗೂ ಬಾರದೆ, ಗುಡ್ಡ ಅಧಿಕೃತವಾಗಿ ಮುಚ್ಚಿತು. ಮೇಯರ್ ಹೋಗಿ ಗಂಟೆ ಹೊಡೆಸಿದ. ನಾನು ಆಚೆ ದಡಕ್ಕೆ ದೋಣಿ ಬಿಟ್ಟೆ. ಅಲ್ಲಿನವರು ಕೇಳಿದರು, ನಾನು ಕಂಡದ್ದನ್ನು ಹೇಳಿದೆ. ಅಷ್ಟೇ ನನ್ನ ಪಾತ್ರ. ನೀಡರ್‌ಲೈನವರು ಇಷ್ಟು ಬೇಗ ಮುಚ್ಚಿದ್ದಾರೆ ಎಂದರೆ ಏನೋ ಒಳಗುಟ್ಟು ಇರಲೇಬೇಕೆಂದು ಅವರೂ ತಮ್ಮ ಗುಡ್ಡಕ್ಕೆ ಹುಲ್ಲು ಕಟ್ಟಿದರು. ಬಸ್ಸುಗಟ್ಟಲೆ ಬಂದ ಚಾರಣಿಗರು ಎರಡೂ ದಡದಲ್ಲಿ ನಿಂತು ಎದುರು ದಡದ ಹುಲ್ಲಿನ ಫೋಟೋ ಹಿಡಿಯತೊಡಗಿದರು.

ಆಲ್ವಿನ್ ಬಿಲ್ಲೆಯ ಟೋಪಿ ಹಾಕಿ ಬಂದ. ಮುಖದಲ್ಲಿ ದುಃಖ, ನಡಿಗೆಯಲ್ಲಿ ಕುಣಿತ.

"ಏನ್ಮಾಡೋದು ಮಾಟೆಸ್, ಜಡ್ಜಮ್ಮನಿಗೆ ಎಷ್ಟು ಬೇಜಾರಾಗತ್ತೋ! ಆದರೆ ಮುಚ್ಚಿದ್ದು ಅಂದ್ರೆ ಮುಚ್ಚಿದ್ದು. ಕಾವಲುಗಾರನಾದ ನಾನೇ ನಿಯಮ ಮುರಿದ್ರೆ ಹೇಗೆ?"

"ಅದು ಸರಿ, ಜಡ್ಜಮ್ಮ ಎಲ್ಲಿ?"

"ಹೋಟೆಲಲ್ಲಿ, ತಿಂಡಿ ತಿಂತಿರಬೇಕು."

ಆ ಹೊತ್ತಿಗೆ ಕಾಸ್ಪರ್ ಓಡುತ್ತ ಬಂದ, ಹಿಂದೆ ಯೂಲೆ. ಅವನ ಕೈಯಲ್ಲಿ ಫೋನು, ಕೊರಳಲ್ಲಿ ಮಫ್ಲರ್.

"ಅಮ್ಮ ರೂಮಲ್ಲಿಲ್ಲ! ಮುಂಜಾನೆನೇ ಟ್ಯಾಕ್ಸಿ ಮಾಡ್ಕೊಂಡು ಕೋಟೆಗೆ ಹೋಗಿದ್ದಾರಂತೆ. ಏಣಿ ದಾರೀಲಿ ಇಳ್ಕೊಂಡು ಬರ್ತೀನಿ ಅಂತ ಹೋಟೆಲಿನವರಿಗೆ ಹೇಳಿ ಹೋಗಿದ್ದಾರೆ!"

ಸರಿಯಾಗಿ ಆಗಲೇ ಮಂಜು ಮೇಲೆದ್ದಿತು. ನಮ್ಮಲ್ಲಿ ಮಂಜು ಏಳುವುದು ನಾಟಕದ ಪರದೆ ಎದ್ದ ಹಾಗೆ, ಒಂದೇ ಸಲಕ್ಕೆ. ಮೊದಲು ಗುಡಿ ಕಾಣಿಸಿತು, ಆಮೇಲೆ ಏಣಿ, ಆಮೇಲೆ ಹದ್ದಿನಕಟ್ಟೆ. ಕಟ್ಟೆಯ ಮೇಲೆ ಬಂಡೆಗೆ ಬೆನ್ನು ಅಂಟಿಸಿಕೊಂಡು ಒಂದು ಆಕೃತಿ ಕೂತಿತ್ತು. ಬಿಳಿ ಕರವಸ್ತ್ರ ಒಂದೇ ಸಮನೆ ಅಲ್ಲಾಡುತ್ತಿತ್ತು.

ಕಾಸ್ಪರ್‌ನ ಫೋನು ಹೊಡೆದುಕೊಂಡಿತು. ಅವನು ಅದನ್ನು ಎಲ್ಲರಿಗೂ ಕೇಳುವಂತೆ ಹಿಡಿದ.

"ಕಾಸ್ಪರ್, ನಾನು ಚೆನ್ನಾಗಿದ್ದೀನಿ" ಎಂದಿತು ಜಡ್ಜಮ್ಮನ ಧ್ವನಿ, ಹಲ್ಲು ಕಚ್ಚಿ ಮಾತಾಡಿದ ಹಾಗೆ. "ಏಣಿ ಕೆಳಗೆ ಹುಲ್ಲು ಕಟ್ಟಿದ್ದಾರೆ. ತಿರುಗಿ ನೋಡಿದ್ರೆ ಕೋಟೆ ಬಾಗಿಲಲ್ಲೂ ಕಟ್ಟಿದ್ದಾರೆ. ಬರುವಾಗ ಹಲಗೆ ಓದಿದ್ದೆ. ಕಾವಲುಗಾರ ಬಂದು ಕರ್ಕೊಂಡು ಹೋಗೋ ತನಕ ನಾನು ಕದಲೋ ಹಾಗಿಲ್ಲ. ಜೀವನಪೂರ್ತಿ ಕಾನೂನು ಪಾಲಿಸಿದವಳು, ಇವತ್ತು ಮುರಿಯಲ್ಲ."

"ಅಮ್ಮ, ಅದು ಬರೀ ಹುಲ್ಲು..."

"ಕಾಸ್ಪರ್!"

"ಸರಿ ಅಮ್ಮ."

ಹೊತ್ತು ಏರುವಷ್ಟರಲ್ಲಿ ಊರು ಊರೇ ದೋಣಿ ಕಟ್ಟೆಯಲ್ಲಿ ನೆರೆಯಿತು. ಬೇಕರಿಯವರು ಬನ್ನು ಮಾರತೊಡಗಿದರು. ಮೇಯರ್ ಅಗ್ನಿಶಾಮಕ ದಳ ಕರೆಸೋಣ ಎಂದ. ಆಲ್ವಿನ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಆದರೆ ಫೋನಿನಿಂದ ತಕ್ಷಣ ತೀರ್ಪು ಬಂತು: "ಯಾವ ದಳಾನೂ ಬೇಡ! ಪತ್ರಿಕೆಯವರು ಬರ್ತಾರೆ. ಕಾವಲುಗಾರರು ಬರ್ಲಿ."

"ಗುಂಡುಲಾ, ನಿನ್ನ ಕಂಬಿಗಾಡಿ ಹದ್ದಿನಕಟ್ಟೆ ಪಕ್ಕದಲ್ಲೇ ಹೋಗತ್ತಲ್ಲ?" ಎಂದೆ ನಾನು. ಕಡಿದಾದ ತೋಟಗಳಿಗೆ ಒಂಟಿ ಕಂಬಿಯ ಮೇಲೆ ದ್ರಾಕ್ಷಿ ಬುಟ್ಟಿ ಏರಿಸಿ ಇಳಿಸುವ ಪುಟ್ಟ ಯಂತ್ರ ಅದು.

ಗುಂಡುಲಾ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಮುಚ್ಚಿದ ಗುಡ್ಡದೊಳಗೆ ಗಾಡಿ ಬಿಡೋದಾ? ನಾನೇ ಮುಚ್ಚಿಸಿ ನಾನೇ ಮುರೀಲಾ? ಆಚೆ ದಡದವರು ದುರ್ಬೀನು ಹಿಡ್ಕೊಂಡು ನೋಡ್ತಿದ್ದಾರೆ ಗೊತ್ತಾ? ಕಾವಲುಗಾರ ಅಲ್ಲಿಗೆ ಹೋಗ್ಲಿ, ಅಲ್ಲಿ ನಿಂತು ಅಪ್ಪಣೆ ಕೊಡ್ಲಿ, ಆಗ ಬಿಡ್ತೀನಿ."

"ಹಾಗಾದ್ರೆ ಹುಲ್ಲು ತೆಗೆದುಬಿಡೋಣ" ಎಂದ ಆಲ್ವಿನ್, ಕ್ಷೀಣವಾಗಿ.

"ಯಾರು ಕಟ್ಟಿದ್ರೋ ಅವರೇ ತೆಗೀಬೇಕು" ಎಂದಳು ಗುಂಡುಲಾ, ಮೇಯರನ್ನೇ ನೋಡುತ್ತ.

"ಹೌದು, ಯಾರು ಕಟ್ಟಿದ್ರೋ ಅವರೇ" ಎಂದ ಮೇಯರ್, ಗುಂಡುಲಾಳನ್ನೇ ನೋಡುತ್ತ.

ಕಟ್ಟಿದವನು ತನ್ನ ಬೂಟಿನ ಮೊಳೆ ನೋಡುತ್ತ ನಿಂತಿದ್ದ. ಒಂದು ಮಾತು ಹೇಳಿದ್ದರೆ ಎಲ್ಲವೂ ಬಗೆಹರಿಯುತ್ತಿತ್ತು. ಯೂಲೆಯ ಮದುವೆಯ ಹೊರತು. ಆ ಹುಡುಗಿ ಹತ್ತಿರ ಬಂದು ಅಪ್ಪನ ಕೈ ಹಿಡಿದಳು. "ಅಪ್ಪ, ಬಿಸಿಲು ಏರ್ತಿದೆ. ಅವರು ನೀರೂ ತಗೊಂಡು ಹೋಗಿಲ್ಲ. ನಿನಗೆ ವಾರವಾರ ಹತ್ತೋ ಏಣಿ ತಾನೇ? ರಸ್ತೆ ಸುತ್ತಿ ಹೋದ್ರೆ ಹೊತ್ತಾಗತ್ತೆ, ಏಣೀಲೇ ಬೇಗ ಹೋಗು."

ಅವನು ಮಗಳ ಮುಖ ನೋಡಿದ. ಏಣಿ ನೋಡಿದ. ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, "ಸಹಾಯಕನಾಗಿ ಮಾಟೆಸ್ ಬರ್ಲಿ" ಎಂದ. ನಾನು ಬರುತ್ತೇನೆಂದು ಎಲ್ಲಿಯೂ ಹೇಳಿರಲಿಲ್ಲ. ನನ್ನ ಹೆಂಡತಿ ಹಿಂದಿನಿಂದ ನೂಕಿದಳು.

ಗುಡಿಯ ತನಕ ಆಲ್ವಿನ್ ಎಂದಿನ ಗತ್ತಿನಲ್ಲೇ ನಡೆದ. ತಾನು ಮಲಗುವ ಜಗುಲಿ ಬಂದಾಗ ಕಾಲು ಹಳೆ ಎತ್ತಿನ ಹಾಗೆ ತಾನಾಗಿ ಅತ್ತ ತಿರುಗಿತು. ನಾನು ಹಿಡಿದು ಸರಿ ಮಾಡಿದೆ. ಏಣಿಯ ಬುಡದಲ್ಲಿ ಅವನದೇ ಹುಲ್ಲು. ಅದಕ್ಕೆ ಸುತ್ತುಹಾಕಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಹಣೆಯನ್ನು ಕಬ್ಬಿಣಕ್ಕೆ ಒತ್ತಿ, ಕಣ್ಣು ಮುಚ್ಚಿದ.

"ಹತ್ತೋ."

"ಹತ್ತಿದೀನಿ."

"ಒಂದು ಮೆಟ್ಟಿಲು ಹತ್ತಿದೀಯ."

"ಮಾಟೆಸ್, ನನಗೇನಾದ್ರೂ ಆದ್ರೆ ಯೂಲೆಗೆ ಹೇಳು, ಅಪ್ಪ ಮೇಲಿಂದ ಬಿದ್ದ ಅಂತ. ಕೆಳಗಿಂದ ಬಿದ್ದ ಅನ್ಬೇಡ."

ಆಮೇಲೆ ಅವನು ಜಪ ಶುರು ಮಾಡಿದ. ದೇವರ ನಾಮವಲ್ಲ, ಹೊಳೆಗುಂಟ ಇರುವ ಅಂಚೆ ಕಚೇರಿಗಳ ಹೆಸರು, ಮೆಟ್ಟಿಲಿಗೊಂದು. "ಕೊಬ್ಲೆನ್ಜ್... ವಿನ್ನಿಂಗನ್... ಕೋಬರ್ನ್..." ಒಂದೊಂದು ಹೆಸರಿಗೂ ಏಣಿ ಕಟಕಟ ಅಲ್ಲಾಡುತ್ತಿತ್ತು. ಬೆವರು ಅವನ ಮೂಗಿನಿಂದ ನನ್ನ ತಲೆಯ ಮೇಲೆ ಬೀಳುತ್ತಿತ್ತು. ನಡುವೆ ಒಂದು ಮೆಟ್ಟಿಲಲ್ಲಿ ಬೂಟಿನ ಮೊಳೆ ಜಾರಿ ಕಾಲು ಗಾಳಿಯಲ್ಲಿ ಒದ್ದಾಡಿತು. ಕೆಳಗಿನ ಜನ ಒಟ್ಟಿಗೆ "ಹೋ" ಎಂದರು. ಆ ಗಳಿಗೆಯಲ್ಲಿ ನನಗೂ ನಗು ಬರಲಿಲ್ಲ. ನಾನು ಕಾಲನ್ನು ಹಿಡಿದು ಮೆಟ್ಟಿಲಿಗೆ ತಂದಿಟ್ಟೆ.

"ಇಳಿಯೋಣ ಆಲ್ವಿನ್. ನಿಜ ಹೇಳಿಬಿಡೋಣ. ಆದದ್ದಾಗಲಿ."

"ಕೋಖೆಮ್" ಎಂದ ಅವನು, ಹತ್ತಿದ.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಹೆದರದವನು ಏಣಿ ಹತ್ತುವುದನ್ನು ಎಲ್ಲರೂ ನೋಡಿದ್ದಾರೆ. ಇಷ್ಟು ಹೆದರಿದವನು ಹತ್ತುವುದನ್ನು ನಾನು ಆವತ್ತೇ ನೋಡಿದ್ದು. ನನಗೆ ಅವನ ಮೇಲೆ ಹೆಮ್ಮೆ ಉಕ್ಕಿತು, ಮತ್ತು ಅದಕ್ಕಾಗಿ ಸಿಟ್ಟೂ ಬಂತು.

ಟ್ರಿಯರ್ ಬರುವ ಹೊತ್ತಿಗೆ ಏಣಿ ಮುಗಿಯಿತು. ಆಲ್ವಿನ್ ಹೊಟ್ಟೆಯ ಮೇಲೆ ತೆವಳಿಕೊಂಡು ಹದ್ದಿನಕಟ್ಟೆಗೆ ಬಂದು, ಕಣ್ಣು ಮುಚ್ಚಿಕೊಂಡೇ ಟೋಪಿಗೆ ಕೈ ಮುಟ್ಟಿಸಿದ.

"ಮೇಡಂ, ತೋಟದ ಕಾವಲುಗಾರ ಹಾಮ್ಮೆಸ್. ಕರ್ಕೊಂಡು ಹೋಗೋಕೆ ಬಂದಿದೀನಿ. ಏಳಿ."

ಅವನು ಒಂದು ಕಣ್ಣು ತೆರೆದ. ಜಡ್ಜಮ್ಮ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬಂಡೆಯ ಸಂದಿನಿಂದ ಬೆಳೆದ ಒಂದು ಗಿಡದ ಬುಡವನ್ನು ಹಿಡಿದು ಕೂತಿದ್ದರು.

"ಏಳೋಕಾಗಲ್ಲ" ಎಂದರು.

"ಕಾಲು ಉಳುಕಿದೆಯಾ?"

"ಇಲ್ಲ." ಆಮೇಲೆ, ಅಪರಾಧಿ ಒಪ್ಪಿಕೊಳ್ಳುವ ಧ್ವನಿಯಲ್ಲಿ, "ಹಾಮ್ಮೆಸ್ ಅವರೇ, ನನಗೆ ಎತ್ತರ ಕಂಡ್ರೆ ಆಗಲ್ಲ. ಚಿಕ್ಕಂದಿನಿಂದ ಆಗಲ್ಲ. ನಾನು ಆಲ್ಪ್ಸ್ ನೋಡಿದ್ದು ರೈಲಿನ ಕಿಟಕೀಲಿ. ಯೂಲೆ ನಿಮ್ಮ ವಿಷಯ ಹೇಳಿದಾಗ, ಅಂಥವರ ಮುಂದೆ ಹೇಗೆ ಒಪ್ಪಿಕೊಳ್ಳೋದು ಅಂತ ಬಾಯಿಂದ ಒಂದು ಮಾತು ಬಂದ್ಬಿಡ್ತು. ನಿಮ್ಮ ಜೊತೆ ಬರೋಕೆ ಮುಂಚೆ ಒಬ್ಬಳೇ ಬಂದು ಅಭ್ಯಾಸ ಮಾಡ್ಕೊಳ್ಳೋಣ ಅಂತ ಬಂದೆ. ಮಂಜಲ್ಲಿ ಏನೂ ಕಾಣಿಸ್ಲಿಲ್ಲ, ಇಲ್ಲೀತನಕ ಬಂದುಬಿಟ್ಟೆ. ಆಮೇಲೆ ಮಂಜು ಹೋಯ್ತು."

"ಮತ್ತೆ ಹುಲ್ಲು?" ಎಂದೆ ನಾನು.

"ಆ ಹುಲ್ಲು ಕಟ್ಟಿದವರ ಮನೆ ತಣ್ಣಗಿರಲಿ. ಹುಲ್ಲು ಕಂಡದ್ದರಿಂದ ಕೂರೋಕೆ ಒಂದು ಕಾರಣ ಸಿಕ್ತು."

ಆಲ್ವಿನ್ ಎರಡನೆಯ ಕಣ್ಣನ್ನೂ ತೆರೆದ, ಕೆಳಗೆ ಸಾಬೂನು ಪೆಟ್ಟಿಗೆಯಂತಹ ನನ್ನ ದೋಣಿ ಕಂಡಿತು, ತಕ್ಷಣ ಮುಚ್ಚಿ ಅದೇ ಗಿಡದ ಇನ್ನೊಂದು ಕೊಂಬೆಯನ್ನು ಹಿಡಿದುಕೊಂಡ.

"ಹುಲ್ಲು ಕಟ್ಟಿದ್ದು ನಾನೇ ಮೇಡಂ" ಎಂದ.

ಜಡ್ಜಮ್ಮ ಅವನತ್ತ ಮುಖ ತಿರುಗಿಸಿದರು. ಅವನು ಎಲ್ಲವನ್ನೂ ಹೇಳಿದ. ಜಗುಲಿ, ಸಾಸೇಜು, ಕಲ್ಲಿಗೆ ಉಜ್ಜಿಕೊಂಡ ಮಂಡಿ, ಸ್ಟೂಲು, ಬಲ್ಬು. "ಯೂಲೆಗೆ ಇದೇನೂ ಗೊತ್ತಿಲ್ಲ. ಅವಳು ನಿಜಾನೇ ಹೇಳಿದ್ದಾಳೆ. ಸುಳ್ಳು ನಂದು. ತಟ್ಟೆ ಬಿಟ್ಟು ಏಳೋದಿದ್ರೆ ನನ್ನ ಮುಂದೆ ಏಳಿ, ಹುಡುಗಿ ಮುಂದೆ ಬೇಡ."

ಜಡ್ಜಮ್ಮ ಗಿಡವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

"ಏಳೋಕಾಗಲ್ಲ ಅಂತ ಆಗಲೇ ಹೇಳಿದೆನಲ್ಲ" ಎಂದರು. ಆಮೇಲೆ ಗಿಡ ಬಿಟ್ಟು ಅವನ ತೋಳು ಹಿಡಿದುಕೊಂಡರು.

ಅಪ್ಪಣೆ ಕೊಡುವುದೊಂದು ಬಾಕಿ ಇತ್ತು. ಆಲ್ವಿನ್ ಜೀವಮಾನದ ಅಂಚೆ ಕೆಲಸದಲ್ಲಿ ಯಾರಿಗೂ ಎತ್ತಿ ಮಾತಾಡಿದವನಲ್ಲ. ಈಗ ಕಣ್ಣು ಮುಚ್ಚಿ ಗುಡ್ಡ ಗುಡುಗುವಂತೆ ಕೂಗಿದ: "ಗುಂಡುಲಾ! ಗಾಡಿ ಕಳಿಸು! ಕಾವಲುಗಾರನ ಅಪ್ಪಣೆ!"

ಗುಂಡುಲಾ ತಾನೇ ಗಾಡಿ ಓಡಿಸಿಕೊಂಡು ಬಂದಳು. ಇಬ್ಬರೂ ದ್ರಾಕ್ಷಿ ಬುಟ್ಟಿಗಳಲ್ಲಿ, ಕಣಿವೆಗೆ ಬೆನ್ನು ಕೊಟ್ಟು, ಒಬ್ಬರ ಕೈ ಒಬ್ಬರು ಹಿಡಿದು ಇಳಿದರು. ನನಗೆ ಬುಟ್ಟಿ ಇರಲಿಲ್ಲ. ನಾನು ಏಣಿಯಲ್ಲೇ ಇಳಿದೆ. ಅದನ್ನು ಯಾರೂ ಗಮನಿಸಲಿಲ್ಲ.

ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ಯೂಲೆ ಅಪ್ಪನನ್ನು ತಬ್ಬಿಕೊಂಡು ಅತ್ತಳು. ಜಡ್ಜಮ್ಮ ಕೂದಲು ಸರಿ ಮಾಡಿಕೊಂಡು ಮಗನಿಗೆ, ಊರಿಗೆಲ್ಲ ಕೇಳುವಂತೆ, ಹೇಳಿದರು: "ಹಾಮ್ಮೆಸ್ ಅವರು ಏಣಿ ಹತ್ತಿದ ಹಾಗೆ ಇನ್ಯಾರೂ ಹತ್ತಿದ್ದನ್ನ ನಾನು ಕೇಳಿಲ್ಲ. ಈ ಮನೆಯ ಸಂಬಂಧ ಬಿಡಬಾರದು." ನೋಡಿ, ಇಷ್ಟರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಜನ ಸೇರಿದ ಕಡೆ ಮಾತಾಡದೆ ಇರುವ ಮೇಯರ್ ಇನ್ನೂ ಹುಟ್ಟಿಲ್ಲ. ನೋರ್ಬರ್ಟ್ ಬನ್ನಿನ ಬುಟ್ಟಿ ಮಗುಚಿ ಅದರ ಮೇಲೆ ಹತ್ತಿ ನಿಂತ.

"ಮಹಾಜನಗಳೇ! ಹದ್ದಿನಕಟ್ಟೆಗೆ ಇಂದಿನಿಂದ ಹಾಮ್ಮೆಸ್ ಕಟ್ಟೆ ಅಂತ ಹೆಸರಿಡ್ತಾ ಇದ್ದೀವಿ! ಮುಂದಿನ ಭಾನುವಾರ ಊರಿಗೆ ಊರೇ ಏಣಿ ಹತ್ತಿ ಅಲ್ಲಿಗೆ ಹೋಗೋಣ. ಅದಕ್ಕೋಸ್ಕರ ಹುಲ್ಲನ್ನ ನಾನು ತೆಗೆಸ್ತೀನಿ."

"ನಾನು ತೆಗೆಸ್ತೀನಿ" ಎಂದಳು ಗುಂಡುಲಾ.

"ನಾವು ತೆಗೆಸ್ತೀವಿ. ಎಲ್ಲರಿಗಿಂತ ಮುಂದೆ ಆಲ್ವಿನ್, ಅವನ ಹಿಂದೆ ಲಿಂಡ್ಲಾರ್ ಮೇಡಂ. ಅವರಿಬ್ಬರ ಕೈಯಿಂದಲೇ ರಿಬ್ಬನ್ ಕತ್ತರಿಸೋದು!"

ಊರು ಕೇಕೆ ಹಾಕಿತು. ಬೀಗರಿಬ್ಬರೂ ನಕ್ಕರು. ಅಂಥ ನಗುವನ್ನು ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಾತ್ರ ನೋಡಿದ್ದೇನೆ. ಕಾಸ್ಪರ್ ರಜೆ ಮುಂದುವರಿಸಿದ. ಜಡ್ಜಮ್ಮ ಇಡೀ ವಾರ ಹೆಡ್ವಿಗ್ ಮನೆಯಲ್ಲೇ ಉಳಿದು, ಏಣಿ ಎಂಬ ಶಬ್ದ ಬಂದಾಗಲೆಲ್ಲ ಇನ್ನೊಂದು ತುಂಡು ರೊಟ್ಟಿ ಬಡಿಸಿಕೊಂಡರು. ಶನಿವಾರ ಸಂಜೆ ಮೇಯರೂ ಗುಂಡುಲಾಳೂ ಒಂದೇ ಕತ್ತರಿಗೆ ಇಬ್ಬರೂ ಕೈ ಹಾಕಿ ಹುಲ್ಲಿನ ಗಂಟು ಕತ್ತರಿಸಿದರು. ಎಳೆದರೆ ಬಿಚ್ಚಲಿಲ್ಲ, ಅದಕ್ಕೆ.

ಭಾನುವಾರ ಬೆಳಿಗ್ಗೆ ಮತ್ತೆ ಅದೇ ಮಂಜು. ಆಚೆ ದಡದವರು ಮೆರವಣಿಗೆ ನೋಡಲು ಬರುವವರಿದ್ದರೆಂದು ಬೇಗನೆ ದೋಣಿ ಕಟ್ಟೆಗೆ ಬಂದೆ. ಏಣಿ ದಾರಿಯ ಬಾಯಲ್ಲಿ ಕೋಲು ನಿಂತಿತ್ತು. ಕೋಲಿನ ತುದಿಯಲ್ಲಿ ಹೊಸ ಹುಲ್ಲಿನ ಕಂತೆ.

"ನಾಚಿಕೆ ಅನ್ನೋದು ಇಲ್ವಲ್ಲ ಈ ಆಲ್ವಿನ್‌ಗೆ!" ಎಂದು ಬೈದುಕೊಳ್ಳುತ್ತ ಹತ್ತಿರ ಹೋದೆ. ಯಾರಾದರೂ ನೋಡುವ ಮುಂಚೆ ಕಿತ್ತು ಹೊಳೆಗೆ ಎಸೆಯಬೇಕೆಂದು ಗಂಟಿಗೆ ಕೈ ಹಾಕಿದವನು ಹಾಗೇ ನಿಂತೆ.

ಇಕ್ಕಳಗಂಟು ಆಗಿರಲಿಲ್ಲ ಅದು. ಎರಡು ಕುಣಿಕೆ, ಎರಡೂ ಸಮ. ನೋಡಲು ಚೆಂದ, ಒಂದೇ ಎಳೆತಕ್ಕೆ ಬಿಚ್ಚುವ ಚಿಟ್ಟೆಗಂಟು.

ಮಂಜಿನೊಳಗೆ ಗುಡಿಯ ಜಗುಲಿಯ ಕಡೆಯಿಂದ ಸಾಸೇಜಿನ ವಾಸನೆ ತೇಲಿ ಬರುತ್ತಿತ್ತು. ಇಬ್ಬರು ಪಿಸುಮಾತಿನಲ್ಲಿ ನಗುವುದೂ ಕೇಳಿಸಿತು. ನಾನು ಗಂಟಿನಿಂದ ಕೈ ತೆಗೆದು, ಕೋಲನ್ನು ಇನ್ನಷ್ಟು ಆಳಕ್ಕೆ ಒತ್ತಿ, ಗುಡ್ಡ ಮತ್ತೆ ಮುಚ್ಚಿದೆ ಎಂದು ಹೇಳಲು ಆಚೆ ದಡಕ್ಕೆ ದೋಣಿ ಬಿಟ್ಟೆ.